ಅಲ್ಟ್ರಾಸ್ಟಾರ್ ಡಿಲಕ್ಸ್ ರಿವ್ಯೂ: ಆ ಹತ್ತು ಸಾವಿರ ಅಂಕ ನಿಮ್ಮ ಹಾಡಲ್ಲಿ ಏನನ್ನ ಅಳೆಯತ್ತೆ?

ಹಾಡೋ ಗೇಮ್‌ಗಳ ರಿವ್ಯೂ ಓದಿದ್ರೆ ಹಾಡಿನ ಪಟ್ಟಿ ಎಷ್ಟುದ್ದ ಇದೆ, ಎಷ್ಟು ಜನ ಒಟ್ಟಿಗೆ ಆಡಬಹುದು, ಸ್ಕ್ರೀನ್ ಹೇಗೆ ಕಾಣತ್ತೆ ಇಷ್ಟೇ ಇರತ್ತೆ, ಮೈಕಿಗೆ ಹೋದ ದನಿ ಅಂಕ ಆಗೋದು ಹೇಗೆ ಅಂತ ಬಿಡಿಸಿ ಬರೆಯೋರು ತುಂಬಾ ಕಮ್ಮಿ. ನನಗೆ ಇದೇ ಮುಖ್ಯ ವಿಷಯ ಅನ್ಸತ್ತೆ. ಯಾಕಂದ್ರೆ ಇಂಥ ಗೇಮಲ್ಲಿ ಕೈಲಿ ಕಂಟ್ರೋಲರ್ ಇರಲ್ಲ, ಗಂಟಲೇ ಎಲ್ಲ, ಪ್ಲಾಸ್ಟಿಕ್ ಗಿಟಾರಲ್ಲಿ ಬಟನ್ ತಪ್ಪಿದ್ರೆ ಯಾರಿಗೂ ನೋವಾಗಲ್ಲ ಆದ್ರೆ ನೀನು ಹಾಡಿದ್ದು ಸರಿ ಇಲ್ಲ ಅಂತ ಸ್ಕ್ರೀನ್ ಮೇಲೆ ಬಂದ್ರೆ ಎಷ್ಟೋ ಜನ ಮತ್ತೆ ಮೈಕ್ ಹಿಡಿಯೋದೇ ಇಲ್ಲ. ಅದಕ್ಕೇ ಕಂಪ್ಯೂಟರಲ್ಲಿ ಮೈಕ್ ಹಿಡಿದು ಹಾಡೋ ಅಲ್ಟ್ರಾಸ್ಟಾರ್ ಡಿಲಕ್ಸ್ ಅನ್ನೋ ಗೇಮ್ ಬಗ್ಗೆ ಬರೀವಾಗ ಅದರ ಕಿವಿ ಹೇಗಿದೆ ಅನ್ನೋದನ್ನೇ ಹೆಚ್ಚು ನೋಡ್ತೀನಿ. ಮೊದಲೇ ಹೇಳಿಬಿಡ್ತೀನಿ, ನನಗೆ ಇದು ತುಂಬಾ ಇಷ್ಟದ ಸಾಫ್ಟ್‌ವೇರ್, ಹಾಡೋಕೆ ಆಸೆ ಇರೋ ಯಾರಾದ್ರೂ ಹಾಕ್ಕೊಂಡು ನೋಡ್ಲೇಬೇಕು, ಆದ್ರೆ ಅದು ಕೊಡೋ ನಂಬರನ್ನ ಮಾತ್ರ ಸಂಗೀತ ಪರೀಕ್ಷೆ ರಿಸಲ್ಟ್ ಅಂತ ತಲೆಗೆ ಹಚ್ಕೋಬೇಡಿ, ಅದು ಕೇಳಿಸ್ಕೊಳೋದೇ ಬೇರೆ.

ಹಿನ್ನೆಲೆ ಸ್ವಲ್ಪ. ಮೈಕಲ್ಲಿ ಹಾಡಿ ಅಂಕ ತಗೊಳೋ ಗೇಮ್ ಕನ್ಸೋಲಲ್ಲಿ ದೊಡ್ಡದಾಗಿ ಬಂದಿದ್ದು 2003ರ ಕರೋಕೆ ರೆವಲ್ಯೂಷನ್ ಜೊತೆ, ಅದನ್ನ ಮಾಡಿದ್ದು ಹಾರ್ಮೋನಿಕ್ಸ್, ಹೊರತಂದಿದ್ದು ಕೊನಾಮಿ. ಮಾರನೇ ವರ್ಷ ಸೋನಿ ಲಂಡನ್ ಸ್ಟುಡಿಯೋದವರು ಪ್ಲೇಸ್ಟೇಷನ್ 2ಗೆ ಸಿಂಗ್‌ಸ್ಟಾರ್ ತಂದ್ರು, ಕೆಂಪು ಮೈಕ್ ಒಂದು ನೀಲಿ ಮೈಕ್ ಒಂದು. 2007ರಲ್ಲಿ ಅದೇ ಹಾರ್ಮೋನಿಕ್ಸ್ ರಾಕ್ ಬ್ಯಾಂಡ್ ಮಾಡಿ ಗಿಟಾರ್ ಡ್ರಮ್ಸ್ ಪಕ್ಕಕ್ಕೆ ಗಾಯಕನ್ನೂ ನಿಲ್ಲಿಸಿದ್ರು. ಈಗ ಇವೆಲ್ಲ ಒಂದೊಂದಾಗಿ ಕಣ್ಮರೆ ಆಗ್ತಿವೆ, ಸಿಂಗ್‌ಸ್ಟಾರ್ ಹಾಡು ಮಾರ್ತಿದ್ದ ಆನ್‌ಲೈನ್ ಅಂಗಡಿ 2020ರ ಜನವರಿ 31ಕ್ಕೆ ಮುಚ್ಚಿತು, ರಾಕ್ ಬ್ಯಾಂಡ್ 4ಕ್ಕೆ ವಾರವಾರ ಬರ್ತಿದ್ದ ಹೊಸ ಹಾಡುಗಳು 2024ರ ಜನವರಿಗೆ ನಿಂತವು. ಹಾರ್ಮೋನಿಕ್ಸ್‌ನವರೇ ಮಾಡಿದ ಫೋರ್ಟ್‌ನೈಟ್ ಫೆಸ್ಟಿವಲ್ 2023ರ ಡಿಸೆಂಬರಲ್ಲಿ ಬಂದಾಗ ಗಾಯನದ ಭಾಗ ಇತ್ತು, ಆದ್ರೆ ಅದನ್ನ ಆಡ್ತಿದ್ದಿದ್ದು ಬಟನ್ ಒತ್ತಿ. ಹಾಡೋ ಭಾಗವನ್ನ ಬೆರಳಲ್ಲಿ ಆಡೋದು ನೋಡಿ ನನಗೆ ನಿಜವಾಗ್ಲೂ ಬೇಜಾರಾಯ್ತು. ಇಂಥ ಹೊತ್ತಲ್ಲಿ ಯಾವ ಕಂಪನಿ ಅಂಗಡಿ ಮುಚ್ಚಿದ್ರೂ ಸಾಯದೇ ಇರೋ, ದುಡ್ಡು ಕೊಡಬೇಕಿಲ್ಲದ, ಓಪನ್ ಸೋರ್ಸ್ ಆದ, ವಿಂಡೋಸ್ ಮ್ಯಾಕ್ ಲಿನಕ್ಸ್ ಮೂರರಲ್ಲೂ ಓಡೋ ಅಲ್ಟ್ರಾಸ್ಟಾರ್ ಇರೋದೇ ದೊಡ್ಡ ವಿಷಯ.

ಆಟ ನೋಡೋಕೆ ಸಿಂಗ್‌ಸ್ಟಾರ್ ಥರಾನೇ. ಸ್ಕ್ರೀನ್ ಮೇಲೆ ಸ್ವರಗಳು ಅಡ್ಡಪಟ್ಟಿಗಳಾಗಿ ಕಾಣತ್ವೆ, ಪಟ್ಟಿ ಮೇಲಿದ್ರೆ ಮೇಲಿನ ಸ್ವರ ಕೆಳಗಿದ್ರೆ ಕೆಳಗಿನದು, ಉದ್ದ ಇದ್ದಷ್ಟು ಹೊತ್ತು ಹಿಡೀಬೇಕು, ಕೆಳಗಡೆ ಹಾಡಿನ ಸಾಲು ಓಡತ್ತೆ. ನೀವು ಹಾಡಿದ್ದು ನಿಮ್ಮ ಬಣ್ಣದಲ್ಲಿ ತುಂಬ್ತಾ ಹೋಗತ್ತೆ, ಸರಿಯಾಗಿ ಬಿದ್ರೆ ಪಟ್ಟಿ ಒಳಗೆ, ತಪ್ಪಿದ್ರೆ ಮೇಲೋ ಕೆಳಗೋ ಬೇರೆ ಗೆರೆಯಾಗಿ. ಒಂದು ಸಾಲು ಮುಗಿದಾಗ ಪರ್ಫೆಕ್ಟ್, ಗ್ರೇಟ್, ಬ್ಯಾಡ್ ಅಂತ ಒಂದು ಮಾತು ಬಂದು ಹೋಗತ್ತೆ. ಪೂರ್ತಿ ಹಾಡಿಗೆ ಗರಿಷ್ಠ 10,000 ಅಂಕ, ಲೈನ್ ಬೋನಸ್ ಆನ್ ಇದ್ರೆ ಅದರಲ್ಲಿ 9,000 ಸ್ವರಗಳಿಗೆ, ಉಳಿದ 1,000 ಸಾಲುಗಳನ್ನ ಎಷ್ಟು ಪೂರ್ತಿಯಾಗಿ ಹಾಡಿದ್ರಿ ಅನ್ನೋದಕ್ಕೆ. ಗೋಲ್ಡನ್ ನೋಟ್ ಅಂತ ಹೊಳೆಯೋ ಪಟ್ಟಿಗಳಿಗೆ ಡಬಲ್ ಲೆಕ್ಕ. ಇದು ಪರವಾಗಿಲ್ಲ, ಪಾರದರ್ಶಕವಾಗೇ ಇದೆ. ನಾಲ್ಕು ನಿಮಿಷದ ಹಾಡಾದ್ರೂ ಎರಡು ನಿಮಿಷದ್ದಾದ್ರೂ ಗರಿಷ್ಠ ಅಷ್ಟೇ ಆಗಿರೋದ್ರಿಂದ ಒಂದು ಹಾಡಿನ ಅಂಕನ ಇನ್ನೊಂದರ ಪಕ್ಕ ಇಟ್ಟು ನೋಡೋಕೂ ಆಗತ್ತೆ.

ಈಗ ಅಸಲಿ ವಿಷಯ, ಅದು ಏನನ್ನ ಕೇಳಿಸ್ಕೊಳತ್ತೆ.

ಮೊದಲನೇದು, ಪದ ಕೇಳಿಸ್ಕೊಳಲ್ಲ. ಸಾಹಿತ್ಯ ಸ್ಕ್ರೀನ್ ಮೇಲೆ ಓಡೋದು ನಿಮಗೋಸ್ಕರ, ಗೇಮ್‌ಗೆ ನೀವು ಪದ ಹೇಳಿದ್ರೂ ಒಂದೇ ಬರೀ "ಊಂ" ಅಂತ ಗುನುಗಿದ್ರೂ ಒಂದೇ. ಇನ್ನೂ ಹೇಳ್ಬೇಕಂದ್ರೆ ಗುನುಗೋರಿಗೇ ಲಾಭ, ಯಾಕಂದ್ರೆ ಸ, ಶ, ಪ, ತ ಥರದ ವ್ಯಂಜನಗಳಿಗೆ ಸ್ವರ ಅನ್ನೋದೇ ಇಲ್ಲ, ಬರೀ ಗಾಳಿ ಸದ್ದು, ಆ ಕ್ಷಣಕ್ಕೆ ಮೈಕಿಂದ ಯಾವ ಸ್ವರ ಬಂತು ಅಂತ ಹುಡುಕೋ ಲೆಕ್ಕಾಚಾರಕ್ಕೆ ಏನೇನೋ ಉತ್ತರ ಸಿಗತ್ತೆ. ಹಾಗಾಗಿ ಸ್ಪಷ್ಟವಾಗಿ ಉಚ್ಚಾರ ಮಾಡಿ ಹಾಡೋರಿಗೆ ಪ್ರತಿ ಪದದ ಶುರುವಲ್ಲಿ ಚೂರು ಚೂರು ಅಂಕ ಸೋರಿ ಹೋಗತ್ತೆ. ಇದು ಅಲ್ಟ್ರಾಸ್ಟಾರ್ ಒಂದರದ್ದೇ ದೋಷ ಅಲ್ಲ, ಶ್ರುತಿ ನೋಡಿ ಅಂಕ ಕೊಡೋ ಎಲ್ಲ ಗೇಮಲ್ಲೂ ಹೆಚ್ಚುಕಮ್ಮಿ ಇದೇ ಕಥೆ, ಆದ್ರೆ ರಾಕ್ ಬ್ಯಾಂಡಲ್ಲಿ ಒಂದು ಸಾಲಿಗೆ ಒಂದು ಮೀಟರ್ ಇರತ್ತೆ, ಪ್ರತಿ ಸ್ವರದ ಪೂರ್ತಿ ಉದ್ದ ಹಾಡದೇ ಇದ್ರೂ ಆ ಮೀಟರ್ ತುಂಬೋಕೆ ಜಾಗ ಬಿಟ್ಟಿದ್ದಾರೆ, ಅದರಿಂದ ವ್ಯಂಜನಗಳ ನಷ್ಟ ಗೊತ್ತೇ ಆಗಲ್ಲ. ಅಲ್ಟ್ರಾಸ್ಟಾರ್ ಸ್ವರದ ಪ್ರತಿ ತುಣುಕನ್ನೂ ಎಣಿಸತ್ತೆ. ಹಾಗಾಗಿ ಒಳ್ಳೆ ಗಾಯಕರಿಗೂ ಪೂರ್ತಿ 10,000 ಬರೋದು ಅಪರೂಪ, ಅದಕ್ಕೆ ಯಾರೂ ಬೇಜಾರು ಮಾಡ್ಕೋಬಾರ್ದು.

ಎರಡನೇದು, ಸ್ಥಾಯಿ ನೋಡಲ್ಲ. 440 ಹರ್ಟ್ಸ್ ಸ್ವರ ಬೇಕಾಗಿದ್ದಾಗ ನೀವು 220ರಲ್ಲಿ ಹಾಡಿದ್ರೂ 880ರಲ್ಲಿ ಹಾಡಿದ್ರೂ ಅದೇ ಸ್ವರ ಅಂತ ಲೆಕ್ಕ, ನಿಮ್ಮ ದನಿಯನ್ನ ಬೇಕಾದ ಸ್ವರದ ಹತ್ತಿರದ ಸ್ಥಾಯಿಗೆ ಅದೇ ತಂದು ಇಟ್ಕೊಂಡು ಹೋಲಿಸತ್ತೆ. ಇದು ನನಗೆ ಈ ಇಡೀ ಪ್ರಕಾರದ ಗೇಮ್‌ಗಳಲ್ಲೇ ಅತಿ ಒಳ್ಳೆ ತೀರ್ಮಾನ ಅನ್ಸತ್ತೆ, ಸಿಂಗ್‌ಸ್ಟಾರ್ ರಾಕ್ ಬ್ಯಾಂಡ್ ಎಲ್ಲದರಲ್ಲೂ ಹೀಗೇ ಇದೆ. ಗಂಡಸರು ಹೆಂಗಸರ ಹಾಡು, ಹೆಂಗಸರು ಗಂಡಸರ ಹಾಡು, ಚಿಕ್ಕ ಮಕ್ಕಳು ಯಾರ ಹಾಡು ಬೇಕಾದ್ರೂ ತಮಗೆ ಒಗ್ಗೋ ಎತ್ತರದಲ್ಲಿ ಹಾಡಬಹುದು. ಅಷ್ಟೇ ಅಲ್ಲ, ಪಲ್ಲವಿ ಕೆಳಗೆ ಹಾಡಿ ಚರಣ ಮೇಲಕ್ಕೆ ಹೋದಾಗ ಗಂಟಲು ಸಾಕಾದ್ರೆ ಅಲ್ಲೇ ಕೆಳಗಿನ ಸ್ಥಾಯಿಗೆ ಇಳಿದ್ರೂ ಅಂಕ ಹೋಗಲ್ಲ. ಕೇಳೋರಿಗೆ ಅದು ವಿಚಿತ್ರ ಅನ್ಸಬಹುದು, ಆದ್ರೆ ಗಂಟಲು ಹರ್ಕೊಂಡು ಹಾಡೋದಕ್ಕಿಂತ ಎಷ್ಟೋ ವಾಸಿ.

ಮೂರನೇದು, ಇದು ಬಹಳ ಜನಕ್ಕೆ ಗೊತ್ತಿಲ್ಲ, ಅಲ್ಟ್ರಾಸ್ಟಾರ್ ಡಿಲಕ್ಸ್ ಒಂದು ಸ್ಥಾಯಿಯ 12 ಸ್ವರಸ್ಥಾನಗಳನ್ನ ಬಿಟ್ಟು ಮಧ್ಯೆ ಏನನ್ನೂ ಗುರುತಿಸಲ್ಲ. ಅದರ ಲೆಕ್ಕ ಸೆಮಿಟೋನ್ ಸೆಮಿಟೋನಾಗಿ, ಅಂದ್ರೆ ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ, ಹೋಗತ್ತೆ, ಮೈಕಿಂದ ಬಂದ ಅಲೆ ಯಾವ ಸೆಮಿಟೋನಿಗೆ ಚೆನ್ನಾಗಿ ಹೊಂದತ್ತೋ ಅದೇ ನಿಮ್ಮ ಸ್ವರ. ಅಂದ್ರೆ 440ರ ಸ್ವರ ಹಾಡಬೇಕಾದಾಗ ಸುಮಾರು 428ರಿಂದ 452 ಹರ್ಟ್ಸ್‌ವರೆಗೆ ಎಲ್ಲಿ ಹಾಡಿದ್ರೂ ಪೂರ್ತಿ ಸರಿ. ಸಂಗೀತ ಕೇಳಿ ಅಭ್ಯಾಸ ಇರೋ ಯಾರಿಗಾದ್ರೂ 428 ಕೇಳಿಸಿ ನೋಡಿ, ಶ್ರುತಿ ಸೇರ್ತಿಲ್ಲ ಅಂತ ತಕ್ಷಣ ಮುಖ ಕಿವುಚ್ತಾರೆ. ಗೇಮಲ್ಲಿ ಈಸಿ, ಮೀಡಿಯಂ, ಹಾರ್ಡ್ ಅಂತ ಮೂರು ಮಟ್ಟ ಇವೆ, ಇದು ಹಾರ್ಡ್ ಮಟ್ಟದ ಲೆಕ್ಕ! ಮೀಡಿಯಂನಲ್ಲಿ ಆಚೆ ಈಚೆ ಇನ್ನೊಂದು ಸೆಮಿಟೋನ್, ಈಸಿಯಲ್ಲಿ ಎರಡು ಸೆಮಿಟೋನ್ ತಪ್ಪಿದ್ರೂ ಸರಿ ಅಂತಾನೇ ಹಾಕ್ಕೊಳತ್ತೆ. ಈಸಿ ಅಂದ್ರೆ 12ರಲ್ಲಿ 5 ಸ್ವರಸ್ಥಾನ ನಿಮ್ಮದೇ ಆಯ್ತಲ್ಲ, ಒಂದೇ ಸ್ವರ ಹಿಡ್ಕೊಂಡು ಪೂರ್ತಿ ಹಾಡು ಮುಗಿಸಿದ್ರೂ ತಕ್ಕಮಟ್ಟಿಗೆ ಅಂಕ ಬಂದೇ ಬರತ್ತೆ. ಮೊದಲ ಸಲ ಮೈಕ್ ಹಿಡಿಯೋರಿಗೆ ಅದು ಧೈರ್ಯ ಕೊಡತ್ತೆ ಸರಿ, ಆದ್ರೆ ಈಸಿಯಲ್ಲಿ 9,000 ಬಂತು ಅಂತ ಶ್ರುತಿ ಕೂತಿದೆ ಅಂದ್ಕೋಬಾರ್ದು.

ಇದೇ ಹಾಡಿನ ಫೈಲುಗಳನ್ನ (ಯಾವ ಸ್ವರ ಯಾವಾಗ ಅಂತ ಬರೆದಿಟ್ಟಿರೋದು) ಓದೋ ಪರ್ಫಾರ್ಮಸ್ ಅಂತ ಇನ್ನೊಂದು ಉಚಿತ ಗೇಮ್ ಇದೆ, ಅದು ಈ ವಿಷಯದಲ್ಲಿ ಸೂಕ್ಷ್ಮ. ಅರ್ಧ ಸೆಮಿಟೋನ್ ಒಳಗಿದ್ರೆ ಪೂರ್ತಿ ಅಂಕ, ಅಲ್ಲಿಂದ ದೂರ ಹೋದಷ್ಟೂ ಇಳೀತಾ ಹೋಗಿ ಒಂದೂವರೆ ಸೆಮಿಟೋನ್ ದಾಟಿದ್ರೆ ಸೊನ್ನೆ. ಹತ್ತಿರ ಬಂದಿದ್ದಕ್ಕೂ ಏನೋ ಸಿಗತ್ತೆ ಅನ್ನೋದು ಎಷ್ಟು ನ್ಯಾಯ ಅನ್ಸತ್ತೆ ನೋಡಿ. ಅಲ್ಟ್ರಾಸ್ಟಾರಲ್ಲೂ ಇಂಥ ಒಂದು ಲೆಕ್ಕ ಬಂದ್ರೆ ನಾನು ಬೇರೆ ಏನೂ ಕೇಳಲ್ಲ.

ಜಾರು, ಕಂಪನ, ಗಮಕ ಇವುಗಳ ಗತಿ ಏನು ಅಂದ್ರೆ, ಇಲ್ಲಿ ನನಗೆ ನಿಜವಾದ ತಕರಾರಿದೆ. ಹಾಡಿನ ಫೈಲಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸ್ವರ, ಒಂದೇ ಅಕ್ಷರ ಎರಡು ಮೂರು ಸ್ವರದ ಮೇಲೆ ಓಡಿದ್ರೆ ಅದನ್ನ ಮೆಟ್ಟಿಲು ಮೆಟ್ಟಿಲಾಗಿ ಮುರಿದು, ಮುಂದಿನ ತುಣುಕಿಗೆ ಅಕ್ಷರದ ಬದಲು ಒಂದು ಅಲೆಗೆರೆ ಚಿಹ್ನೆ ಹಾಕ್ತಾರೆ. ಅಂದ್ರೆ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದು ಹೋಗೋದು ಅನ್ನೋದೇ ಈ ಗೇಮಿನ ಭಾಷೆಲಿ ಇಲ್ಲ. ನೀವು ಎಷ್ಟು ಚಂದವಾಗಿ ಜಾರಿಸಿದ್ರೂ ಮಧ್ಯದ ಸ್ವರಗಳೆಲ್ಲ ತಪ್ಪು ಅಂತ ಬೀಳತ್ವೆ, ದನಿಯಲ್ಲಿ ಕಂಪನ ಸ್ವಲ್ಪ ಅಗಲ ಆದ್ರೆ ಪಟ್ಟಿ ಚೂರು ಚೂರಾಗಿ ಒಡೆದು ಕಾಣತ್ತೆ. ದನಿ ಆಡಿಸೋ ಶಕ್ತಿ ಇರೋರಿಗೆ ಕಮ್ಮಿ ಅಂಕ, ಗೆರೆ ಎಳೆದ ಹಾಗೆ ಸಪಾಟಾಗಿ ಹಾಡೋರಿಗೆ ಜಾಸ್ತಿ. ಕಲಿಯೋ ಮಕ್ಕಳು ಈ ಗೇಮನ್ನೇ ಗುರು ಅಂದ್ಕೊಂಡ್ರೆ ಅಂಕಕ್ಕೋಸ್ಕರ ಗಮಕ ಬಿಟ್ಟು ಹಾಡೋದು ರೂಢಿ ಆಗತ್ತೆ, ಇದು ನನಗೆ ನಿಜವಾದ ಅಪಾಯ ಅನ್ಸತ್ತೆ, ಹೇಳದೇ ಇರೋಕೆ ಆಗಲ್ಲ.

ಬೇರೆಯವರು ಇದನ್ನ ಬೇರೆ ಥರ ಮಾಡಿ ತೋರಿಸಿದ್ದಾರೆ. ರಾಕ್ ಬ್ಯಾಂಡಲ್ಲಿ ಸ್ವರ ಓರೆಯಾಗಿ ಏರೋದು ಇಳಿಯೋದು ಹಾಗೇ ಓರೆ ಕೊಳವೆಯಾಗಿ ಬರೆದಿರ್ತಾರೆ, ನಿಮ್ಮ ದನಿ ಒಂದು ಬಾಣದ ಥರ ಅದರ ಮೇಲೆ ತೇಲತ್ತೆ, ಹಾಗಾಗಿ ಜಾರಿಸಿ ಹಾಡಬೇಕಾದಲ್ಲಿ ಜಾರಿಸಿದ್ರೇ ಸರಿ. ರಾಕ್ ಬ್ಯಾಂಡ್ 4ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬರೆದಿಟ್ಟ ರಾಗ ಬಿಟ್ಟು ಹಾಡಿನ ಶ್ರುತಿಗೆ ಹೊಂದೋ ಬೇರೆ ಸ್ವರ ಹಾಡಿದ್ರೂ ಒಪ್ಪೋ ಫ್ರೀಸ್ಟೈಲ್ ಅಂತ ಇಟ್ರು. ಇನ್ನು ಜಪಾನಿನ ಕರೋಕೆ ರೂಮುಗಳಲ್ಲಿರೋ ಡ್ಯಾಮ್, ಜಾಯ್‌ಸೌಂಡ್ ಮೆಷಿನ್‌ಗಳು ಶ್ರುತಿ ಜೊತೆಗೆ ವೈಬ್ರಾಟೋ (ದನಿಯ ಕಂಪನ) ಎಷ್ಟು ಸಲ ಬಂತು, ಕೆಳಗಿಂದ ಜಾರಿ ಸ್ವರಕ್ಕೆ ಹತ್ತಿದ್ದು ಎಷ್ಟು ಸಲ (ಅದಕ್ಕೆ ಶಕುರಿ ಅಂತಾರೆ), ದನಿಯನ್ನ ಒಂದು ಕ್ಷಣ ಸುತ್ತಿಸಿ ವಾಪಸ್ ತಂದಿದ್ದು ಎಷ್ಟು ಸಲ (ಅದು ಕೊಬುಶಿ), ದನಿಯ ಏರಿಳಿತ ಹೇಗಿತ್ತು ಅಂತ ಬೇರೆ ಬೇರೆ ಎಣಿಸಿ ತೋರಿಸತ್ವೆ. ಅಲಂಕಾರ ಅನ್ನೋದು ತಪ್ಪಲ್ಲ, ಗುಣ ಅಂತ ಒಪ್ಪಿರೋ ಮೆಷಿನ್ ಅದು. ನಮ್ಮ ಗಮಕಗಳನ್ನ ಹೀಗೆ ಗುರುತಿಸೋ ಒಂದು ಹಾಡೋ ಗೇಮ್ ಯಾರಾದ್ರೂ ಮಾಡಿದ್ರೆ ನಾನು ಮೊದಲನೇ ದಿನವೇ ಹಾಕ್ಕೊಳ್ತೀನಿ, ಮಾಡಬಹುದಾದ ಕೆಲಸವೇ ಅದು.

ಸರಿ, ಈಗ ಟೈಮಿಂಗ್. "ಚೆನ್ನಾಗೇ ಹಾಡ್ದೆ ಆದ್ರೂ ಅಂಕ ಬರಲ್ಲ" ಅನ್ನೋ ದೂರಿಗೆ ಬಹಳ ಸಲ ಕಾರಣ ಶ್ರುತಿ ಅಲ್ಲವೇ ಅಲ್ಲ, ಡಿಲೇ. ಇದನ್ನ ಲೆಕ್ಕ ಹಾಕಿ ತೋರಿಸ್ತೀನಿ. ಅಲ್ಟ್ರಾಸ್ಟಾರ್ ಫೈಲಲ್ಲಿ ಬಿಪಿಎಂ (ನಿಮಿಷಕ್ಕೆ ಎಷ್ಟು ತಾಳದ ಪೆಟ್ಟು ಅನ್ನೋದು) 300 ಅಂತ ಬರೆದಿದ್ರೆ ಗೇಮ್ ಅದನ್ನ ಒಳಗೆ ನಾಲ್ಕು ಪಟ್ಟು ಮಾಡ್ಕೊಳತ್ತೆ, ಅಂದ್ರೆ ನಿಮಿಷಕ್ಕೆ 1,200 ತುಣುಕು, ಒಂದೊಂದು ತುಣುಕು 50 ಮಿಲಿಸೆಕೆಂಡ್. ಅಂಕ ಬೀಳೋದು ಈ ತುಣುಕಿಗೆ. ಒಂದು ಅಕ್ಷರ ನಾಲ್ಕು ತುಣುಕು ಉದ್ದ ಇದೆ ಅಂದ್ಕೊಳಿ, ಅಂದ್ರೆ 200 ಮಿಲಿಸೆಕೆಂಡ್. ಈಗ ಹಾಡು ಸ್ಪೀಕರಿಗೆ ಬರೋಕೆ 60 ಮಿಲಿಸೆಕೆಂಡ್ ತಡ ಆಯ್ತು, ನಿಮ್ಮ ದನಿ ಮೈಕಿಂದ ಗೇಮ್ ಒಳಗೆ ಹೋಗೋಕೆ ಇನ್ನೊಂದು 40 ಆಯ್ತು, ಒಟ್ಟು 100. ನೀವು ಕೇಳಿಸಿದ ಹಾಡಿಗೆ ಸರಿಯಾಗಿ ತಾಳ ಹಿಡಿದೇ ಹಾಡಿದ್ದೀರಿ, ಆದ್ರೂ ಆ ಅಕ್ಷರದ ನಾಲ್ಕರಲ್ಲಿ ಮೊದಲ ಎರಡು ತುಣುಕು ಖಾಲಿ. ಅರ್ಧ ಅಂಕ ಹೋಯ್ತು! ಅಷ್ಟಕ್ಕೇ ಮುಗಿಯಲ್ಲ, ನಿಮ್ಮ ದನಿಯ ಬಾಲ ಮುಂದಿನ ಅಕ್ಷರದ ಪಟ್ಟಿ ಒಳಗೆ ನುಗ್ಗತ್ತೆ, ಅಲ್ಲಿ ಸ್ವರ ಬೇರೆ ಇದ್ರೆ ಅಲ್ಲೂ ತಪ್ಪು. ನಿಧಾನದ ಹಾಡಲ್ಲಿ ಸ್ವರಗಳು ಉದ್ದುದ್ದ ಇರೋದ್ರಿಂದ ಇದು ಅಷ್ಟು ಕಾಣಲ್ಲ, ಫಾಸ್ಟ್ ಹಾಡಲ್ಲಿ ಸರ್ವನಾಶ. ನಿಧಾನದ ಹಾಡಿಗೆ ಚೆನ್ನಾಗಿ ಬಂದು ಫಾಸ್ಟ್ ಹಾಡಿಗೆಲ್ಲ ಧಡ್ ಅಂತ ಬೀಳ್ತಿದ್ರೆ ನಿಮ್ಮ ಗಂಟಲನ್ನ ಬೈಕೊಳ್ಳೋ ಮುಂಚೆ ಡಿಲೇ ಚೆಕ್ ಮಾಡಿ ದಯವಿಟ್ಟು.

ಚೆಕ್ ಮಾಡೋದು ಸುಲಭ. ಚೆನ್ನಾಗಿ ಗೊತ್ತಿರೋ, ಅಕ್ಷರಗಳು ಬಿಡಿಬಿಡಿಯಾಗಿರೋ ಹಾಡು ಹಾಕಿ, ಹಾಡಿ, ನಿಮ್ಮ ಬಣ್ಣ ಪ್ರತಿ ಪಟ್ಟಿಯಲ್ಲೂ ಶುರುವಲ್ಲಿ ಒಂದೇ ಅಳತೆಗೆ ಖಾಲಿ ಬಿಟ್ಟು ಬಲಕ್ಕೆ ಜರುಗಿ ತುಂಬ್ತಿದೆಯಾ ನೋಡಿ. ಹಾಗಿದ್ರೆ ಅದು ಡಿಲೇನೇ, ಮನುಷ್ಯನ ತಪ್ಪು ಅಷ್ಟು ಒಂದೇ ಸಮ ಇರಲ್ಲ. ಹೊಸ ಆವೃತ್ತಿಗಳ ಸೆಟ್ಟಿಂಗಲ್ಲಿ ಆಡಿಯೋ ವಿಡಿಯೋ ಡಿಲೇ ಮತ್ತೆ ಮೈಕ್ ಡಿಲೇ ಎರಡೂ ಇವೆ, ಸ್ವಲ್ಪ ಸ್ವಲ್ಪ ಬದಲಾಯಿಸಿ ಬಣ್ಣ ಪಟ್ಟಿಯ ಶುರುವಿಗೆ ಬಂದು ಕೂರೋವರೆಗೆ ನೋಡಿ. ಟಿವಿಗೆ ಹಾಕಿದ್ರೆ ಟಿವಿಯ ಗೇಮ್ ಮೋಡ್ ಆನ್ ಮಾಡಿ, ಇಲ್ಲಾಂದ್ರೆ ಚಿತ್ರ ಚಂದ ಮಾಡೋಕೆ ಹೋಗಿ ಟಿವಿ ತಾನೇ ತಡ ಮಾಡತ್ತೆ. ಬ್ಲೂಟೂತ್ ಮೈಕು ಹೆಡ್‌ಸೆಟ್ಟು ಮಾತ್ರ ಬೇಡವೇ ಬೇಡ. ನೂರು ಮಿಲಿಸೆಕೆಂಡ್ ದಾಟೋ ತಡ ಅದರಲ್ಲಿ ಮಾಮೂಲು, ಅದರ ಮೇಲೆ ಹೆಡ್‌ಸೆಟ್ಟಿನ ಮೈಕ್ ಆನ್ ಆದ ಕೂಡ್ಲೇ ಅದು ಫೋನ್ ಕಾಲ್ ಮೋಡಿಗೆ ಹೋಗಿ ಹಾಡಿನ ಸದ್ದೂ ಕೆಟ್ಟು ಹೋಗತ್ತೆ. ವೈರ್ ಇರೋ ಯುಎಸ್‌ಬಿ ಮೈಕ್, ಎಷ್ಟೇ ಸಾಧಾರಣದ್ದಾಗ್ಲಿ, ಇದಕ್ಕೆ ಸಾಕು.

ಮೈಕ್ ಬಗ್ಗೆ ಹೇಳೋದು ಇನ್ನೂ ಇದೆ. ಹಳೇ ಸಿಂಗ್‌ಸ್ಟಾರ್ ಮೈಕ್ ಜೋಡಿ ಎಲ್ಲಾದ್ರೂ ಸಿಕ್ಕಿದ್ರೆ ಬಿಡಬೇಡಿ, ಎರಡೂ ಸೇರಿ ಒಂದೇ ಯುಎಸ್‌ಬಿಗೆ ಹೋಗತ್ವೆ, ಕಂಪ್ಯೂಟರಿಗೆ ಅದು ಒಂದೇ ಸ್ಟೀರಿಯೋ ಸಾಧನ ಥರ ಕಾಣತ್ತೆ, ಎಡ ಚಾನಲ್ ಒಬ್ಬರಿಗೆ ಬಲ ಚಾನಲ್ ಇನ್ನೊಬ್ಬರಿಗೆ ಅಂತ ಅಲ್ಟ್ರಾಸ್ಟಾರಲ್ಲಿ ಹಂಚಿದ್ರೆ ಇಬ್ಬರು ಹಾಡೋಕೆ ರೆಡಿ. ಯಾವ ಮೈಕ್ ಆದ್ರೂ ಆಟಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ: ಹಾಡು ಹಾಕಿ ಬಾಯಿ ಮುಚ್ಕೊಂಡು ಕೂತ್ಕೊಳಿ. ನೀವು ಸುಮ್ಮನಿದ್ರೂ ಪಟ್ಟಿಗಳು ತುಂಬ್ತಿದ್ರೆ ಸ್ಪೀಕರಿಂದ ಬರ್ತಿರೋ ಮೂಲ ಗಾಯಕರ ದನಿ ನಿಮ್ಮ ಮೈಕಿಗೆ ಹೋಗ್ತಿದೆ, ಅಂಕ ಅವರದ್ದು. ಇದು ಎಷ್ಟು ಕಡೆ ಆಗತ್ತೆ ಅಂದ್ರೆ ಯಾರಾದ್ರೂ ದೊಡ್ಡ ಸ್ಕೋರ್ ತೋರಿಸಿದಾಗ ನಾನು ಮೊದಲು ಕೇಳೋದೇ ಸ್ಪೀಕರ್ ಎಲ್ಲಿಟ್ಟಿದ್ರಿ ಅಂತ. ಥ್ರೆಶೋಲ್ಡ್ ಅಂತ ಸೆಟ್ಟಿಂಗ್ ಇದೆ, ಅದಕ್ಕಿಂತ ಸಣ್ಣ ಸದ್ದನ್ನ ಗೇಮ್ ಲೆಕ್ಕಕ್ಕೇ ತಗೊಳಲ್ಲ, ಅದನ್ನ ಏರಿಸಿ, ಸ್ಪೀಕರ್ ಸದ್ದು ಇಳಿಸಿ ಅಥವಾ ಮೈಕಿನ ಬೆನ್ನ ಹಿಂದೆ ಬರೋ ಹಾಗೆ ಇಡಿ. ತುಂಬಾ ಏರಿಸಿದ್ರೆ ಮೆತ್ತಗೆ ಹಾಡೋ ಸಾಲುಗಳು ಮಾಯ ಆಗತ್ವೆ, ಅದೂ ಕಷ್ಟ.

ಇನ್ನೊಂದು ಮಾತು, ಕಂಪ್ಯೂಟರಲ್ಲಿ ಮೈಕಿಗೆ ನಾಯ್ಸ್ ಸಪ್ರೆಷನ್ ಅಂತ ಇರತ್ತಲ್ಲ, ಅದನ್ನ ಆಫ್ ಮಾಡಿ. ಮಾತಿಗೋಸ್ಕರ ಮಾಡಿದ ತಂತ್ರ ಅದು, ಒಂದೇ ಸಮ ಎಳೆದ ಸ್ವರ ಕೇಳಿದ್ರೆ ಫ್ಯಾನ್ ಸದ್ದು ಅಂದ್ಕೊಂಡು ಕತ್ತರಿಸಿ ಹಾಕಬಹುದು. ಉಸಿರು ಹಿಡಿದು ಉದ್ದಕ್ಕೆ ಎಳೆದ ಕಡೆಯಲ್ಲೇ ಬಣ್ಣ ಮಧ್ಯದಲ್ಲಿ ನಿಲ್ತಿದ್ರೆ ಮೊದಲು ಇದನ್ನೇ ನೋಡಿ.

ಹಾಡುಗಳ ವಿಷಯಕ್ಕೆ ಬಂದ್ರೆ, ಗೇಮ್ ಜೊತೆ ನಿಮಗೆ ಬೇಕಾದ ಹಾಡು ಬರಲ್ಲ, ಆಡಿಯೋ ನಿಮ್ಮದೇ ಇರಬೇಕು, ಅದರ ಜೊತೆ ಒಂದು ಟೆಕ್ಸ್ಟ್ ಫೈಲ್. ಆ ಫೈಲನ್ನ ನೋಟ್‌ಪ್ಯಾಡಲ್ಲೇ ಓದಬಹುದು, ಮೇಲೆ ಹಾಡಿನ ಹೆಸರು, ಬಿಪಿಎಂ, ಶುರುವಿಗೆ ಎಷ್ಟು ಮಿಲಿಸೆಕೆಂಡ್ ಖಾಲಿ ಅನ್ನೋ ಗ್ಯಾಪ್, ಕೆಳಗೆ ಒಂದೊಂದು ಸಾಲಲ್ಲಿ ಒಂದೊಂದು ಸ್ವರ: ಎಲ್ಲಿ ಶುರು, ಎಷ್ಟುದ್ದ, ಯಾವ ಎತ್ತರ, ಯಾವ ಅಕ್ಷರ. ಇಷ್ಟು ಸರಳವಾದ ಕ್ರಮ ಇರೋದ್ರಿಂದಲೇ ಯಾವ ಭಾಷೆ ಹಾಡನ್ನ ಬೇಕಾದ್ರೂ ನಾವೇ ಮಾಡ್ಕೋಬಹುದು, ಯಾವ ಕಂಪನಿ ನಮ್ಮ ಭಾಷೆಗೆ ಹಾಡು ಹಾಕತ್ತೆ ಅಂತ ಕಾಯೋದು ಬೇಡ. ಗೇಮ್ ಒಳಗೇ ಎಡಿಟರ್ ಇದೆ. ಚೆನ್ನಾಗಿ ಕಾಣೋಕೆ ತಲೆ ಕೆಡಿಸ್ಕೊಂಡಿಲ್ಲ, ಕೀಬೋರ್ಡ್ ಶಾರ್ಟ್‌ಕಟ್ಟುಗಳು ರಾಶಿ, ಮೊದಲಿಗೆ ಸಿಟ್ಟು ಬರತ್ತೆ, ಕೈ ಕೂತ ಮೇಲೆ ಬಿಡೋಕೆ ಮನಸ್ಸಾಗಲ್ಲ.

ಆದ್ರೆ ಇದರ ಇನ್ನೊಂದು ಮುಖ ಏನಂದ್ರೆ ಚಾರ್ಟ್ (ಆ ಟೆಕ್ಸ್ಟ್ ಫೈಲಲ್ಲಿರೋ ಸ್ವರಗಳ ಪಟ್ಟಿ) ಬರೆದವರ ಕಿವಿ ಎಷ್ಟು ಒಳ್ಳೇದೋ ಅಂಕವೂ ಅಷ್ಟೇ ಒಳ್ಳೇದು. ಬರೆದವರು ಒಂದು ಸ್ವರ ತಪ್ಪು ಕೇಳಿಸ್ಕೊಂಡ್ರೆ ಸರಿಯಾಗಿ ಹಾಡಿದ ನೀವು ತಪ್ಪು. ಒಬ್ಬರು ಪ್ರತಿ ಸಣ್ಣ ತಿರುವನ್ನೂ ಬರೀತಾರೆ, ಇನ್ನೊಬ್ಬರು ಇಡೀ ಸಾಲನ್ನ ಮೂರು ಉದ್ದ ಪಟ್ಟಿಯಲ್ಲಿ ಮುಗಿಸಿಬಿಡ್ತಾರೆ, ಮತ್ತೊಬ್ಬರು ಕಷ್ಟದ ಆಲಾಪ ಬಂದ ಕಡೆ ಫ್ರೀಸ್ಟೈಲ್ ಅಂತ ಹಾಕಿ ಅಂಕದ ಲೆಕ್ಕದಿಂದಲೇ ಹೊರಗಿಡ್ತಾರೆ. ಮಾತಿನ ಥರ ಇರೋ ಭಾಗಕ್ಕೆ ರ‍್ಯಾಪ್ ಅನ್ನೋ ಬಗೆ ಇದೆ, ಅಲ್ಲಿ ಸ್ವರ ನೋಡಲ್ಲ, ಸರಿಯಾದ ಹೊತ್ತಿಗೆ ದನಿ ಬಂತಾ ಅಂತಷ್ಟೇ. ಹಾಗಾಗಿ ಹಾಡಿನಿಂದ ಹಾಡಿಗೆ ಅಂಕ ಹೋಲಿಸಬಹುದು ಅಂತ ಮೇಲೆ ಹೇಳಿದ್ದು ಗರಿಷ್ಠ ಅಂಕದ ಮಟ್ಟಿಗೆ ಮಾತ್ರ, ಒಂದೇ ಹಾಡಲ್ಲಿ ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿದ್ರೆ ಅದಕ್ಕೆ ನಿಜವಾದ ಅರ್ಥ ಇದೆ.

ಒಟ್ಟಿಗೆ ಆಡೋದು ಚೆನ್ನಾಗಿದೆ, ಆರು ಜನದವರೆಗೆ ಹಾಡಬಹುದು, ಯುಗಳ ಗೀತೆಗೆ ಇಬ್ಬರಿಗೂ ಬೇರೆ ಬೇರೆ ಭಾಗ ಬರೆಯೋಕೆ ಆಗತ್ತೆ, ಪಾರ್ಟಿ ಮೋಡ್ ಕೂಡ ಇದೆ. ಮೂರು ದನಿ ಸೇರಿಸಿ ಹಾರ್ಮನಿ ಹಾಡೋ ಖುಷಿ ಬೇಕಾದ್ರೆ ಮಾತ್ರ ಇದು ಜಾಗ ಅಲ್ಲ. 2009ರ ದಿ ಬೀಟಲ್ಸ್ ರಾಕ್ ಬ್ಯಾಂಡ್ ಮೂರು ಭಾಗದ ಹಾರ್ಮನಿಯನ್ನ ಒಂದೇ ಸ್ಕ್ರೀನ್ ಮೇಲೆ ಎಷ್ಟು ಚೆನ್ನಾಗಿ ತೋರಿಸ್ತು ಅಂದ್ರೆ ಆಮೇಲೆ ಬಂದವರೆಲ್ಲ ಅದನ್ನೇ ನೋಡಿ ಕಲಿಯೋ ಹಾಗಿತ್ತು, ಈಗ ಅಂಥದ್ದು ಬೇಕು ಅನ್ನೋರಿಗೆ ಯಾರ್ಗ್ ಅನ್ನೋ ಉಚಿತ ಗೇಮ್ ಇದೆ, ರಾಕ್ ಬ್ಯಾಂಡ್ ಥರದ್ದು, ಮೈಕಲ್ಲಿ ಹಾಡೋದು, ಹಾರ್ಮನಿ ಎರಡೂ ಇದೆ, ಬ್ಯಾಂಡ್ ಆಗಿ ಆಡೋರು ಅದನ್ನ ನೋಡಿ.

ಬೇಡವಾಗಿದ್ದ ಒಂದು ವಿಷಯ ಹೇಳ್ಬೇಕು. ಹಾಡು ಮುಗಿದಾಗ ಅಂಕದ ಜೊತೆ ಒಂದು ಬಿರುದು ಬರತ್ತೆ, ಮೇಲ್ಗಡೆ ಸೂಪರ್‌ಸ್ಟಾರ್ ಅಲ್ಟ್ರಾಸ್ಟಾರ್ ಅಂತೆಲ್ಲ, ಅತಿ ಕೆಳಗೆ ಟೋನ್ ಡೆಫ್, ಅಂದ್ರೆ ನಿನಗೆ ಸ್ವರವೇ ಕೇಳಿಸಲ್ಲ ಅಂತ. ಡಿಲೇ ಸೆಟ್ ಮಾಡದ ಮೈಕ್ ಹಿಡಿದ ಒಂದು ಮಗುವಿಗೆ ಆ ಮಾತು ಯಾಕೆ ಬೇಕು? ಮೇಲೆ ನೋಡಿದ್ರಲ್ಲ, ಆ ಅಂಕದ ಒಳಗೆ ಮೈಕು, ಸ್ಪೀಕರು, ಚಾರ್ಟ್ ಬರೆದವರು ಎಲ್ಲರ ಪಾಲೂ ಇದೆ, ಬಿರುದು ಮಾತ್ರ ಹಾಡಿದವರ ತಲೆ ಮೇಲೆ. ಓಪನ್ ಸೋರ್ಸ್ ಆಗಿರೋದ್ರಿಂದ ಭಾಷೆ ಫೈಲಲ್ಲಿ ಆ ಪದವನ್ನ ನಾವೇ ಬದಲಾಯಿಸ್ಕೋಬಹುದು, ಮಕ್ಕಳಿರೋ ಮನೆಯಲ್ಲಿ ಮೊದಲು ಮಾಡಬೇಕಾದ ಕೆಲಸ ಇದು ಅಂತ ನನ್ನ ಅಭಿಪ್ರಾಯ.

ಇಷ್ಟೆಲ್ಲ ತಕರಾರು ಹೇಳಿ ಮತ್ತೆ ಯಾಕೆ ಇಷ್ಟ ಅಂದ್ರೆ, ಹಾಡ್ತಾ ಹಾಡ್ತಾ ನಿಮ್ಮ ಸ್ವರ ಎಲ್ಲಿದೆ ಅಂತ ಆಗಿಂದಾಗ್ಗೆ ಕಣ್ಣಿಗೆ ತೋರಿಸೋದು. ಮೇಲಿನ ಸ್ವರಕ್ಕೆ ಹೋಗುವಾಗ ಪ್ರತಿ ಸಲ ಒಂದು ಮೆಟ್ಟಿಲು ಕೆಳಗೇ ನಿಲ್ತಿದ್ದೀನಿ, ಉಸಿರು ಮುಗಿಯೋ ಹೊತ್ತಿಗೆ ಸಾಲಿನ ಕೊನೆ ಸ್ವರ ಜಾರ್ತಿದೆ ಅನ್ನೋದು ಕಿವಿಗೆ ಗೊತ್ತಾಗದೇ ಇರೋರಿಗೂ ಗೆರೆ ನೋಡಿದ್ರೆ ಗೊತ್ತಾಗತ್ತೆ, ಅಂಕ ನೋಡದೇ ಗೆರೆ ನೋಡಿ ಹಾಡೋರು ಬೇಗ ಸುಧಾರಿಸ್ತಾರೆ. ಹೊಸಬರಿಗೆ ನನ್ನ ಸಲಹೆ ಈಸಿ ಬಿಟ್ಟು ನೇರ ಮೀಡಿಯಂನಿಂದ ಶುರು ಮಾಡಿ, ಸ್ವರ ಉದ್ದುದ್ದ ಇರೋ ನಿಧಾನದ ಹಾಡು ತಗೊಳಿ, ಮೂಲ ಗಾಯಕರ ದನಿ ಇರೋ ಆಡಿಯೋನೇ ಇರ್ಲಿ, ಹೆಡ್‌ಫೋನ್ ಹಾಕ್ಕೊಂಡು ಒಂದು ಕಿವಿ ಬಿಟ್ಟು ನಿಮ್ಮ ದನಿ ನಿಮಗೆ ಕೇಳಿಸೋ ಹಾಗೆ ಮಾಡ್ಕೊಳಿ. ಗಮಕ ಇರೋ ಜಾಗದಲ್ಲಿ ಗಮಕ ಹಾಡಿ, ಪಟ್ಟಿ ಒಡೆದ್ರೆ ಒಡೀಲಿ. ಹಾರ್ಡ್‌ಗೆ ಹೋಗೋ ಮುಂಚೆ ಆ ಹಾಡನ್ನ ಎಡಿಟರಲ್ಲಿ ತೆಗೆದು ಸ್ವರಗಳನ್ನ ಪ್ಲೇ ಮಾಡಿ ಕೇಳಿ, ಚಾರ್ಟೇ ಅಪಸ್ವರ ಹಾಡ್ತಿದ್ರೆ ಅಲ್ಲೇ ಸರಿ ಮಾಡಿ ಸೇವ್ ಮಾಡ್ಕೊಳಿ.